ಮೆಮೊರಿ ತುಂಬಿದರೆ ಗಂಟೆ ಏಕೆ ಬಾರಿಸಬೇಕು?

ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ 124.80 ಅಡಿ ಮುಟ್ಟಿದ ದಿನ ನಮ್ಮ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಮುಖ್ಯಮಂತ್ರಿಗಳು ಹೋಗಿ ಬಾಗಿನ ಅರ್ಪಿಸುತ್ತಾರೆ. ಮಂಡ್ಯದ ರೈತರು ನೆಮ್ಮದಿಯಿಂದ ಉಸಿರಾಡುತ್ತಾರೆ. ‘ಅಣೆಕಟ್ಟೆ ಪೂರ್ತಿ ತುಂಬಿದೆ, ಅಪಾಯ’ ಎಂದು ಆ ಒಂದೇ ಕಾರಣಕ್ಕೆ ಯಾರೂ ಮಧ್ಯರಾತ್ರಿ ಎಂಜಿನಿಯರನ್ನು ಎಬ್ಬಿಸುವುದಿಲ್ಲ. ತುಂಬಲಿ ಎಂದೇ ಕಟ್ಟಿದ್ದು ಅದು.

ಪುಣೆಯಲ್ಲಿ ಕಂಪನಿಗಳ ಫೈಲ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ನಾನು ಬಹಳ ವರ್ಷ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದೆ. ಸರ್ವರ್‌ನ ಮೆಮೊರಿ ಶೇ 90ರಷ್ಟು ತುಂಬಿತೆಂದರೆ ಯಾರಾದರೊಬ್ಬರ ಫೋನ್ ಕೂಗಬೇಕು ಎಂಬ ನಿಯಮ ಬರೆದಿಟ್ಟೆ. ಆ ನಿಯಮದಿಂದ ಒಬ್ಬ ಹುಡುಗನಿಗೆ ಅನ್ಯಾಯವಾಯಿತು. ಈ ಅಂಕಣ ಓದುವವರಲ್ಲಿ ನನ್ನಂತೆ ಹೊರರಾಜ್ಯದಲ್ಲಿ ಕುಳಿತು ರಾತ್ರಿಪಾಳಿಯ ಫೋನ್ ಕಾಯುವವರು ಅನೇಕರಿದ್ದಾರೆಂದು ಗೊತ್ತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಈ ಸರ್ವರ್ ಏನು ಮಾಡುತ್ತದೆ ಎಂದು ಹೇಳುತ್ತೇನೆ. ಪುಣೆಯ ಸುತ್ತ ಪಿಂಪ್ರಿ, ಚಾಕಣ ಕಡೆ ವಾಹನ ಕಾರ್ಖಾನೆಗಳಿವೆ. ಅವುಗಳ ಜೊತೆಜೊತೆಗೇ ವಾಹನದ ಬಿಡಿಭಾಗ ವಿನ್ಯಾಸ ಮಾಡುವ ಕಚೇರಿಗಳೂ ಬೆಳೆದಿವೆ. ಅಲ್ಲಿ ನೂರಾರು ಎಂಜಿನಿಯರ್‌ಗಳು ಒಂದೇ ಕಡೆ ಫೈಲ್ ಇಡುತ್ತಾರೆ, ಅಲ್ಲಿಂದಲೇ ತೆಗೆಯುತ್ತಾರೆ. ಎಲ್ಲರ ಕಂಪ್ಯೂಟರಿಗೂ ನೆಟ್‌ವರ್ಕ್ ಮೂಲಕ ಫೈಲ್ ಒದಗಿಸುವ ಯಂತ್ರವೇ ಫೈಲ್ ಸರ್ವರ್. ಅದರೊಳಗಿನ ಡಿಸ್ಕ್ ನಿಧಾನ, ಮೆಮೊರಿ ವೇಗ. ಆದ್ದರಿಂದ ಲಿನಕ್ಸ್‌ನಂಥ ವ್ಯವಸ್ಥೆ ಒಮ್ಮೆ ಡಿಸ್ಕ್‌ನಿಂದ ಓದಿದ ಫೈಲನ್ನು ಮೆಮೊರಿಯಲ್ಲೇ ಉಳಿಸಿಕೊಳ್ಳುತ್ತದೆ. ಮತ್ತೊಬ್ಬರು ಅದನ್ನೇ ಕೇಳಿದರೆ ಡಿಸ್ಕ್‌ಗೆ ಹೋಗದೆ ಅಲ್ಲಿಂದಲೇ ಕೊಡುತ್ತದೆ. ಖಾಲಿ ಮೆಮೊರಿ ಎಷ್ಟಿದ್ದರೂ ಅದಷ್ಟನ್ನೂ ಈ ಕೆಲಸಕ್ಕೆ ಬಳಸುತ್ತದೆ. ಬೇರೆ ಯಾವುದಾದರೂ ಪ್ರೋಗ್ರಾಂ ಮೆಮೊರಿ ಕೇಳಿದರೆ ಹಳೆಯ ಫೈಲಿನ ಪ್ರತಿಯನ್ನು ಬಿಟ್ಟು ಜಾಗ ಮಾಡಿಕೊಡುತ್ತದೆ. ಹಾಗಾಗಿ ಚೆನ್ನಾಗಿ ದುಡಿಯುತ್ತಿರುವ ಫೈಲ್ ಸರ್ವರ್‌ನ ಮೆಮೊರಿ ಯಾವಾಗಲೂ ತುಂಬಿಯೇ ಇರುತ್ತದೆ. ಖಾಲಿ ಇದ್ದರೆ ಒಂದೋ ಈಗಷ್ಟೇ ಆನ್ ಮಾಡಿದ್ದಾರೆ, ಇಲ್ಲವೇ ಅದಕ್ಕೆ ಕೆಲಸವಿಲ್ಲ ಎಂದರ್ಥ.

ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ನಿಯಮ ಬರೆದ ದಿನ ಗಡಿಬಿಡಿ ಇತ್ತು. ಗ್ರಾಹಕರ ಆಡಿಟ್ ಬಂದಿತ್ತು. ‘ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಅಲರ್ಟ್ ಇದೆಯೇ’ ಎಂಬ ಪ್ರಶ್ನೆ ಪಟ್ಟಿಯಲ್ಲಿತ್ತು. ಮೂರಕ್ಕೂ ಶೇ 90 ಎಂದು ಬರೆದೆ. ಪಟ್ಟಿಯಲ್ಲಿ ಮೂರು ಟಿಕ್ ಬಿತ್ತು. ಮಾರನೆಯ ದಿನದಿಂದ ಆ ಫೋನ್ ನನ್ನ ಬಳಿ ಇರಲಿಲ್ಲ, ರಾತ್ರಿಪಾಳಿಯವರ ಬಳಿ ಇತ್ತು.

ರಾತ್ರಿಪಾಳಿಗೆ ಸೇರಿದವನು ಗದಗ ಕಡೆಯ ಹುಡುಗ. ಹಿಂಜವಡಿಯ ಹತ್ತಿರ ಮೂವರ ಜೊತೆ ಒಂದು ಕೋಣೆಯಲ್ಲಿದ್ದ. ದಿನಾ ರಾತ್ರಿ ಒಂದು ಗಂಟೆಗೆ ಬ್ಯಾಕಪ್ ಶುರುವಾಗುತ್ತಿತ್ತು. ಬ್ಯಾಕಪ್ ಎಂದರೆ ಫೈಲುಗಳನ್ನೆಲ್ಲ ಸಾಲಾಗಿ ಓದುವುದು. ಓದಿದ್ದೆಲ್ಲ ಮೆಮೊರಿಯಲ್ಲಿ ಕೂರುತ್ತಿತ್ತು, ಶೇ 90 ದಾಟುತ್ತಿತ್ತು, ಫೋನ್ ಕೂಗುತ್ತಿತ್ತು. ಅವನು ಎದ್ದು ನೋಡುತ್ತಿದ್ದ, ಮಾಡುವಂಥದ್ದು ಏನೂ ಇರುತ್ತಿರಲಿಲ್ಲ. ಒಂದು ವಾರದ ನಂತರ ಯಾರೋ ಹಿರಿಯರು ಉಪಾಯ ಹೇಳಿಕೊಟ್ಟರು: ಮೆಮೊರಿಯಲ್ಲಿರುವ ಫೈಲಿನ ಪ್ರತಿಗಳನ್ನೆಲ್ಲ ಒಂದೇ ಆಜ್ಞೆಯಿಂದ ಹೊರಗೆ ಎಸೆಯಬಹುದು. ಆಗ ಅಂಕಿ ಇಳಿಯುತ್ತದೆ, ಅಲರ್ಟ್ ನಿಲ್ಲುತ್ತದೆ. ನಿಜ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಎಂಜಿನಿಯರ್‌ಗಳು ಬಂದಾಗ ಪ್ರತಿಯೊಂದು ಫೈಲನ್ನೂ ಮತ್ತೆ ಡಿಸ್ಕ್‌ನಿಂದಲೇ ಎಳೆಯಬೇಕಾಗುತ್ತಿತ್ತು. ‘ಬೆಳಿಗ್ಗೆ ಸರ್ವರ್ ನಿಧಾನ’ ಎಂಬ ದೂರು ಬರತೊಡಗಿತು. ಬೇಸಿಗೆಗೆಂದು ಕೆರೆ ತುಂಬಿಸಿಟ್ಟು, ದಡದ ಹತ್ತಿರ ನೀರು ಬಂತೆಂದು ರಾತ್ರೋರಾತ್ರಿ ತೂಬು ತೆಗೆದಂತಾಯಿತು ಇದು.

ಕೊನೆಗೆ ಅವನು ಎಲ್ಲರೂ ಮಾಡುವುದನ್ನೇ ಮಾಡಿದ. ಮೆಮೊರಿ ಅಲರ್ಟ್‌ನ ಸದ್ದು ಅಡಗಿಸಿದ.

ಒಂದು ರಾತ್ರಿ ನಿಜವಾದ ತೊಂದರೆ ಬಂತು. ಡಿಸ್ಕ್‌ಗಳ ಗುಂಪಿನಲ್ಲಿ ಒಂದು ಡಿಸ್ಕ್ ಕೆಟ್ಟಿತು. ಬದಲಿ ಡಿಸ್ಕ್ ತಾನಾಗಿಯೇ ಕೆಲಸಕ್ಕೆ ನಿಂತು, ಅದರ ಮೇಲೆ ದತ್ತಾಂಶವನ್ನು ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಅದು ಮುಗಿಯುವವರೆಗೆ ಬರೆಯುವ ವೇಗ ಕುಸಿಯಿತು. ಅದೇ ಹೊತ್ತಿಗೆ ವಾಹನ ಡಿಕ್ಕಿಯ ಲೆಕ್ಕಾಚಾರ ಮುಗಿಸಿದ ಯಂತ್ರಗಳು ಫಲಿತಾಂಶವನ್ನು ಸರ್ವರ್‌ಗೆ ಸುರಿಯತೊಡಗಿದವು.

ಇಲ್ಲಿ ಮೆಮೊರಿಯ ಇನ್ನೊಂದು ಕೆಲಸ ಹೇಳಬೇಕು. ಓದಿದ್ದನ್ನು ಇಟ್ಟುಕೊಳ್ಳುವಂತೆಯೇ, ಬರೆಯಲು ಬಂದದ್ದನ್ನೂ ಅದು ಮೊದಲು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಡಿಸ್ಕ್‌ಗೆ ಇಳಿಸುತ್ತದೆ. ಇನ್ನೂ ಇಳಿಸದೆ ಉಳಿದದ್ದನ್ನು ಲಿನಕ್ಸ್ ಭಾಷೆಯಲ್ಲಿ ‘ಡರ್ಟಿ’ ಎನ್ನುತ್ತಾರೆ. ಓದಿದ ಪ್ರತಿಯನ್ನು ಎಸೆದರೆ ನಷ್ಟವಿಲ್ಲ, ಡಿಸ್ಕ್‌ನಲ್ಲಿ ಮೂಲ ಇರುತ್ತದೆ. ಡರ್ಟಿ ಪುಟಕ್ಕೆ ಮೂಲವಿಲ್ಲ, ಅದೇ ಮೂಲ. ಎರಡನ್ನೂ ಸೇರಿಸಿ ‘ಮೆಮೊರಿ ಬಳಕೆ ಶೇ 92’ ಎಂದು ತೋರಿಸುವ ಅಂಕಿ ಯಾವುದನ್ನೂ ಹೇಳುವುದಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೆ ಎರಡು ಮಿತಿಗಳಿವೆ. ಬಳಸಲು ಲಭ್ಯವಿರುವ ಮೆಮೊರಿಯ ಸುಮಾರು ಶೇ 10ರಷ್ಟು ಡರ್ಟಿಯಾದರೆ ಹಿನ್ನೆಲೆಯಲ್ಲಿ ಇಳಿಸುವ ಕೆಲಸ ಚುರುಕಾಗುತ್ತದೆ. ಶೇ 20 ಮುಟ್ಟುವ ಹೊತ್ತಿಗೆ ಬರೆಯುವವರನ್ನೇ ತಡೆದು, ಡಿಸ್ಕ್‌ನ ವೇಗಕ್ಕೆ ಇಳಿಸುತ್ತದೆ. ಯಾರೂ ಬದಲಾಯಿಸದಿದ್ದರೆ ಸಾಮಾನ್ಯವಾಗಿ ಇರುವ ಅಂಕಿಗಳು ಇವು.

ಇವು ಚಿಕ್ಕ ಮೆಮೊರಿಯ ಕಾಲದ ಶೇಕಡಾವಾರು ಲೆಕ್ಕ. 256 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಶೇ 20 ಎಂದರೆ ಹೆಚ್ಚುಕಡಿಮೆ 51 ಜಿಬಿ. ಡಿಸ್ಕ್‌ಗಳು ಸೆಕೆಂಡಿಗೆ 400 ಎಂಬಿ ಬರೆಯಬಲ್ಲವಾದರೆ ಅಷ್ಟನ್ನು ಇಳಿಸಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಡಿಸ್ಕ್ ಕೆಟ್ಟು ವೇಗ 100 ಎಂಬಿಗೆ ಇಳಿದರೆ ಎಂಟೂವರೆ ನಿಮಿಷ. ‘ನನ್ನ ಫೈಲ್ ಡಿಸ್ಕ್ ಸೇರಿತೇ, ಖಾತ್ರಿ ಹೇಳು’ ಎಂದು ಕೇಳುವ ಪ್ರೋಗ್ರಾಂ ಈ ಸಾಲಿನ ಹಿಂದೆ ಕಾಯಬೇಕಾಗಬಹುದು. ಆ ರಾತ್ರಿ ಆಗಿದ್ದು ಇದೇ. ಎಂಜಿನಿಯರ್‌ಗಳ ಪರದೆ ನಿಂತುಹೋಯಿತು. ‘ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಂದೇಶ ಬಂತು.

ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದ ಮೇಲಧಿಕಾರಿ ‘ರೀಸ್ಟಾರ್ಟ್ ಮಾಡು’ ಎಂದರು. ಹುಡುಗ ಮಾಡಿದ. ಬಾಕಿ ಇದ್ದದ್ದನ್ನು ಡಿಸ್ಕ್‌ಗೆ ಇಳಿಸಿಯೇ ಹೊರಡಬೇಕೆಂದು ಸರ್ವರ್ ಹಟ ಹಿಡಿದು ನಿಂತಿತು. ‘ನೇತಾಡುತ್ತಿದೆ’ ಎಂದುಕೊಂಡು ಕರೆಂಟನ್ನೇ ತೆಗೆದು ಹಾಕಿಸಿದರು. ಡಿಸ್ಕ್ ಸೇರದೆ ಮೆಮೊರಿಯಲ್ಲಿದ್ದ ಲೆಕ್ಕಾಚಾರವೆಲ್ಲ ಹೋಯಿತು.

ಹೋಗಬೇಕಾಗಿರಲಿಲ್ಲ. ಫೈಲ್ ಹಂಚಿಕೆಯ ಎನ್‌ಎಫ್‌ಎಸ್ ನಿಯಮಾವಳಿಯ ಮೂರನೇ ಆವೃತ್ತಿ 1995ರಲ್ಲಿ ಪ್ರಕಟವಾಯಿತು. ಅದರಲ್ಲೇ ಇದಕ್ಕೆ ದಾರಿ ಇದೆ. ಸರ್ವರ್ ‘ಡಿಸ್ಕ್ ಸೇರಿತು’ ಎಂದು ಖಾತ್ರಿ ಕೊಡುವವರೆಗೆ ಕಳಿಸಿದವರ ಕಂಪ್ಯೂಟರ್ ತನ್ನ ಪ್ರತಿಯನ್ನು ಬಿಡುವುದಿಲ್ಲ. ಸರ್ವರ್ ಮಧ್ಯದಲ್ಲಿ ಸತ್ತು ಎದ್ದರೆ ಮತ್ತೆ ಕಳಿಸುತ್ತದೆ. ಆದರೆ ನಮ್ಮ ಸರ್ವರ್‌ನಲ್ಲಿ ವೇಗ ಬೇಕೆಂದು ‘ಎಸಿಂಕ್’ ಎಂಬ ಆಯ್ಕೆ ಹಾಕಿದ್ದರು. ಅದರರ್ಥ, ಡಿಸ್ಕ್ ಸೇರದಿದ್ದರೂ ಸೇರಿತು ಎಂದು ಸುಳ್ಳು ಹೇಳಲು ಸರ್ವರ್‌ಗೆ ಅನುಮತಿ. ಎಲ್ಲರೂ ಆ ಮಾತು ನಂಬಿ ತಮ್ಮ ಪ್ರತಿ ಅಳಿಸಿದ್ದರು.

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಮೆಮೊರಿ ಅಲರ್ಟ್ ಬಂದಿತ್ತಲ್ಲ, ಏಕೆ ನೋಡಲಿಲ್ಲ?’ ಹುಡುಗನಿಗೆ ಎಚ್ಚರಿಕೆ ಪತ್ರ ಬಂತು. ನಾನು ಅದೇ ಕೋಣೆಯಲ್ಲಿ ಕುಳಿತಿದ್ದೆ. ಆ ಅಲರ್ಟ್ ದಿನಾ ಬರುತ್ತದೆ, ಆ ರಾತ್ರಿಯೂ ಅದು ಬೇರೇನನ್ನೂ ಹೇಳುತ್ತಿರಲಿಲ್ಲ, ಅದನ್ನು ಬರೆದವನು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮೂರು ವಾರದ ಮೇಲೆ ಬರವಣಿಗೆಯಲ್ಲಿ ಕೊಟ್ಟೆ. ‘ಗಮನಿಸಲಾಗಿದೆ’ ಎಂದರು. ಪತ್ರ ವಾಪಸಾಗಲಿಲ್ಲ. ಹುಡುಗ ಅದೇ ವರ್ಷ ಹುಬ್ಬಳ್ಳಿಗೆ ಹೊರಟುಹೋದ.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು: ಮಟ್ಟಕ್ಕೆ ಅಲರ್ಟ್ ಇಡಬೇಡಿ, ಒತ್ತಡಕ್ಕೆ ಇಡಿ. ಎದ್ದವನಿಗೆ ಮಾಡಲು ಕೆಲಸವಿಲ್ಲದಿದ್ದರೆ ಅವನನ್ನು ಎಬ್ಬಿಸಬೇಡಿ.

ಮಟ್ಟ ಮತ್ತು ಒತ್ತಡದ ವ್ಯತ್ಯಾಸ ತಿಳಿಯಲು ಪುಣೆಯವರು ದೂರ ಹೋಗಬೇಕಿಲ್ಲ. ಊರಿಗೆ ನೀರು ಕೊಡುವುದು ಖಡಕವಾಸ್ಲಾ, ಪಾನಶೇತ್, ವರಸಗಾಂವ್, ತೇಮಘರ್ ಎಂಬ ನಾಲ್ಕು ಅಣೆಕಟ್ಟೆಗಳು. ಊರಿಗೆ ಹತ್ತಿರದ, ಎಲ್ಲಕ್ಕಿಂತ ಕೆಳಗಿನ ಖಡಕವಾಸ್ಲಾ ನಾಲ್ಕರಲ್ಲಿ ಚಿಕ್ಕದು, ಎರಡು ಟಿಎಂಸಿಗಿಂತ ಸ್ವಲ್ಪ ಕಡಿಮೆ. ಒಳ್ಳೆಯ ಮಳೆಗಾಲದಲ್ಲಿ ಅದು ಬೇಗ ತುಂಬುತ್ತದೆ. ‘ಖಡಕವಾಸ್ಲಾ ಶೇ 100’ ಎಂಬ ಸುದ್ದಿಯಿಂದ ಮುಠಾ ನದಿಯ ದಡದಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ. ಒಳಗೆ ಎಷ್ಟು ನೀರು ಬರುತ್ತಿದೆ, ಇನ್ನೊಂದು ಗಂಟೆಯಲ್ಲಿ ಎಷ್ಟು ಬಿಡುತ್ತಾರೆ ಎಂಬುದು ಅವರಿಗೆ ಬೇಕಾದದ್ದು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ಅಣೆಕಟ್ಟೆಯಿಂದ ಬಿಡುವ ನೀರು ಹೆಚ್ಚಾಗುವುದನ್ನು ಸಮಯಕ್ಕೆ ಸರಿಯಾಗಿ ತಮಗೆ ತಿಳಿಸಲಿಲ್ಲ ಎಂದು ಅಲ್ಲಿಯ ನಿವಾಸಿಗಳು ದೂರಿದರು. ಹಿರಿಯ ಪುಣೇಕರರಿಗೆ ಇಂಥ ದಿನ 1961ರ ಜುಲೈ 12ನ್ನು ನೆನಪಿಸುತ್ತದೆ. ಅಂದು ಬೆಳಿಗ್ಗೆ ಪಾನಶೇತ್ ಒಡೆದು, ಅದರ ನೀರಿನ ಹೊಡೆತಕ್ಕೆ ಖಡಕವಾಸ್ಲಾವೂ ಒಡೆದು, ಅರ್ಧ ಊರು ಮುಳುಗಿತ್ತು.

ಮಟ್ಟದ ಅಂಕಿಯನ್ನು ನಂಬಿ ಕೆಟ್ಟವರಲ್ಲಿ ನಮ್ಮಂಥ ಸರ್ವರ್‌ನವರು ಮಾತ್ರ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರ ಮಾರ್ಚ್ 28ರ ನಸುಕಿನಲ್ಲಿ ಒಂದು ಕವಾಟ ತೆರೆದುಕೊಂಡೇ ಉಳಿಯಿತು. ಅದರಿಂದ ತಂಪುಗೊಳಿಸುವ ನೀರು ಸೋರಿಹೋಗುತ್ತಿತ್ತು. ಆದರೆ ಒಂದು ಮಾಪಕ ನೀರಿನ ಮಟ್ಟ ಮೇಲೇರುತ್ತಿದೆ ಎಂದೇ ತೋರಿಸುತ್ತಿತ್ತು. ಒತ್ತಡ ಇಳಿಯುತ್ತಿರುವುದು ಕಂಡರೂ ಸಿಬ್ಬಂದಿ ಮಟ್ಟವನ್ನು ನಂಬಿದರು, ನೀರು ಹೆಚ್ಚಾಯಿತೆಂದು ತುರ್ತು ನೀರಿನ ಹರಿವನ್ನು ಕಡಿಮೆ ಮಾಡಿದರು. ಸ್ಥಾವರದ ಒಡಲು ಭಾಗಶಃ ಕರಗಿತು. ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆಗಳು ಮೊಳಗಿದ್ದವು. ಅಷ್ಟು ಗಂಟೆಗಳಲ್ಲಿ ಯಾವುದಕ್ಕೆ ಕಿವಿ ಕೊಡಬೇಕೆಂದು ತಿಳಿಯುವ ಸ್ಥಿತಿ ಇರಲಿಲ್ಲ.

ನಮ್ಮ ಸರ್ವರ್‌ನಲ್ಲಿ ಒತ್ತಡ ಅಳೆಯುವುದು ಹೇಗೆ? ಸಾಧನಗಳು ಇವೆ, ಹೊಸದಾಗಿ ಕೊಳ್ಳಬೇಕಿಲ್ಲ.

ಮೊದಲನೆಯದು, ‘ಖಾಲಿ’ ಎಂಬ ಅಂಕಿಯನ್ನು ಮರೆಯುವುದು. 2014ರಲ್ಲಿ ಬಂದ ಲಿನಕ್ಸ್ 3.14ರಿಂದ ‘ಮೆಮ್‌ಅವೈಲಬಲ್’ ಎಂಬ ಬೇರೆ ಅಂಕಿ ಸಿಗುತ್ತದೆ. ಬಿಟ್ಟುಕೊಡಬಹುದಾದ ಪ್ರತಿಗಳನ್ನೆಲ್ಲ ಲೆಕ್ಕ ಹಿಡಿದು, ಬೇಕೆಂದಾಗ ನಿಜಕ್ಕೂ ಎಷ್ಟು ಸಿಗಬಹುದು ಎಂಬ ಅಂದಾಜು ಅದು. ಇದರಲ್ಲೂ ಒಂದು ಕಿವಿಮಾತು: ಝಡ್‌ಎಫ್‌ಎಸ್ ಬಳಸುವವರ ಸರ್ವರ್‌ನಲ್ಲಿ ಅದರದೇ ಪ್ರತ್ಯೇಕ ಸಂಗ್ರಹ ಈ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆಯಾಗಿ ನೋಡಬೇಕು.

ಎರಡನೆಯದು, ಡರ್ಟಿ ಪ್ರಮಾಣ. ಅದು ಎಷ್ಟಿದೆ ಎನ್ನುವುದಕ್ಕಿಂತ ಸತತವಾಗಿ ಏರುತ್ತಿದೆಯೇ ಎಂದು ನೋಡಬೇಕು. ಏರಿ ಇಳಿದರೆ ಆರೋಗ್ಯ. ಐದು ನಿಮಿಷ ಬಿಡದೆ ಏರುತ್ತಿದ್ದರೆ ಡಿಸ್ಕ್ ಸೋಲುತ್ತಿದೆ ಎಂದರ್ಥ. ಆ ರಾತ್ರಿ ಕೂಗಬೇಕಾಗಿದ್ದ ಗಂಟೆ ಇದು. ದೊಡ್ಡ ಮೆಮೊರಿಯ ಯಂತ್ರದಲ್ಲಿ ಡರ್ಟಿ ಮಿತಿಯನ್ನು ಶೇಕಡಾದಲ್ಲಿ ಇಡದೆ, ಡಿಸ್ಕ್ ಕೆಲವೇ ಸೆಕೆಂಡಿನಲ್ಲಿ ಬರೆಯಬಲ್ಲಷ್ಟು ಎಂಬ ಅಳತೆಯಲ್ಲಿ ಬೈಟ್‌ಗಳಲ್ಲೇ ಇಡಬಹುದು.

ಮೂರನೆಯದು ಪಿಎಸ್‌ಐ. ನಮ್ಮೂರಲ್ಲಿ ಪಿಎಸ್‌ಐ ಎಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. 2018ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 4.20ರಲ್ಲಿ ಅದು ‘ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್’. ಮೆಮೊರಿ ಅಥವಾ ಡಿಸ್ಕ್‌ಗಾಗಿ ಕೆಲಸಗಳು ಎಷ್ಟು ಹೊತ್ತು ಸುಮ್ಮನೆ ಕಾದವು ಎಂಬುದನ್ನು ಅದು 10, 60, 300 ಸೆಕೆಂಡಿನ ಸರಾಸರಿಯಲ್ಲಿ ಹೇಳುತ್ತದೆ. ಮೆಮೊರಿ ಶೇ 98 ತುಂಬಿ ಯಾರೂ ಕಾಯುತ್ತಿಲ್ಲವೆಂದರೆ ಮಲಗಿರಿ. ಶೇ 70 ಇದ್ದು ಎಲ್ಲರೂ ಕಾಯುತ್ತಿದ್ದರೆ ಏಳಿ.

ನಾಲ್ಕನೆಯದು, ಬಳಸುವವರ ಅನುಭವ. ಬೇರೊಂದು ಯಂತ್ರದಿಂದ ನಿಮಿಷಕ್ಕೊಮ್ಮೆ ಒಂದು ಚಿಕ್ಕ ಫೈಲ್ ಬರೆದು, ‘ಡಿಸ್ಕ್ ಸೇರಿತು’ ಎಂಬ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುವ ನಾಲ್ಕು ಸಾಲಿನ ಪ್ರೋಗ್ರಾಂ ಸಾಕು. ಆದರೆ ಎಸಿಂಕ್ ಹಾಕಿದ ಸರ್ವರ್‌ನಲ್ಲಿ ಈ ಪರೀಕ್ಷೆಯೂ ಸುಳ್ಳು ಹೇಳುತ್ತದೆ. ಆದ್ದರಿಂದ ಕಳೆದುಹೋಗಬಾರದ ಕೆಲಸ ಇರುವ ಕಡೆ ಮೊದಲು ಎಸಿಂಕ್ ತೆಗೆಯಿರಿ.

ಇದಕ್ಕೆ ನಾನು ಕೇಳಿರುವ ಆಕ್ಷೇಪಣೆ ಒಂದಿದೆ. ‘ಹೆಚ್ಚು ಅಲರ್ಟ್ ಇದ್ದರೆ ತಪ್ಪೇನು? ಬಾರದಿರುವುದಕ್ಕಿಂತ ಬಂದದ್ದು ಒಳ್ಳೆಯದು.’ ಈ ಮಾತು ಹೇಳುವವರ ಫೋನಿಗೆ ಆ ಅಲರ್ಟ್ ಬರುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ. ‘ಹುಲಿ ಬಂತು ಹುಲಿ’ ಕಥೆ ನಮಗೆಲ್ಲ ಗೊತ್ತು. ಅಲ್ಲಿ ಸುಳ್ಳು ಕೂಗಿದವನೇ ಕೊನೆಗೆ ಕಷ್ಟಕ್ಕೆ ಸಿಕ್ಕುತ್ತಾನೆ. ನಮ್ಮ ಕಚೇರಿಗಳಲ್ಲಿ ಸುಳ್ಳು ಕೂಗುವ ನಿಯಮ ಬರೆದವರು ಒಬ್ಬರು, ಓಡಿಬರದಿದ್ದಕ್ಕೆ ಶಿಕ್ಷೆ ಅನುಭವಿಸುವವರು ಇನ್ನೊಬ್ಬರು. ಇಂಥ ಅಲರ್ಟ್‌ನಿಂದ ಸರ್ವರ್‌ಗೆ ರಕ್ಷಣೆ ಇಲ್ಲ. ‘ನಾವು ತಿಳಿಸಿದ್ದೆವು’ ಎಂದು ನಾಳೆ ಹೇಳಲು ಕಳಿಸಿದವರಿಗೆ ಒಂದು ರಸೀದಿ, ಅಷ್ಟೇ.

ಆಡಿಟ್‌ಗೆ ಬೇಕಲ್ಲ ಎನ್ನುವವರಿಗೆ ಉತ್ತರ ಸುಲಭ. ಅಂಕಿಗಳನ್ನೆಲ್ಲ ಸಂಗ್ರಹಿಸಿ, ನಕ್ಷೆ ಬರೆಯಿರಿ, ಬೆಳಿಗ್ಗೆ ಹತ್ತಕ್ಕೆ ಒಂದು ವರದಿಯಾಗಿ ಕಳಿಸಿ. ಮೆಮೊರಿಯ ಬೇಡಿಕೆ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಎಂದು ಅದರಲ್ಲಿ ನೋಡಬಹುದು, ಹೊಸ ಮೆಮೊರಿ ಕೊಳ್ಳಲು ಅದೇ ಆಧಾರ. ದಿನಪತ್ರಿಕೆಯಲ್ಲಿ ಜಲಾಶಯದ ಮಟ್ಟ ಪ್ರಕಟಿಸುವ ಹಾಗೆ ಅದು. ಅಲರ್ಟ್ ಎಂದರೆ ಊರಿಗೆ ನೀರು ನುಗ್ಗುವ ಮೊದಲು ಬಾರಿಸುವ ಗಂಟೆ. ಎರಡನ್ನೂ ಒಂದೇ ಫೋನಿಗೆ ಕಳಿಸಬಾರದು.

ಈಗ ನಾನಿರುವ ತಂಡದಲ್ಲಿ ಮೂರು ಕಟ್ಟಳೆ ಮಾಡಿಕೊಂಡಿದ್ದೇವೆ. ಪ್ರತಿ ಅಲರ್ಟ್‌ನಲ್ಲಿ ಎದ್ದವನು ಮೊದಲು ಏನು ಮಾಡಬೇಕು, ಏನು ಮಾಡಬಾರದು ಎಂಬ ಎರಡು ಸಾಲು ಇರಲೇಬೇಕು. ಡರ್ಟಿ ಅಲರ್ಟ್‌ನಲ್ಲಿ ‘ಕರೆಂಟ್ ತೆಗೆಯಬೇಡಿ’ ಎಂಬುದೇ ಮೊದಲ ಸಾಲು. ತಿಂಗಳಿಗೊಮ್ಮೆ ಹಿಂದಿನ ಅಲರ್ಟ್‌ಗಳನ್ನೆಲ್ಲ ಓದಿ, ಎದ್ದವನು ಏನೂ ಮಾಡದೆ ಮತ್ತೆ ಮಲಗಿದಂಥವನ್ನು ತೆಗೆದು ಹಾಕುತ್ತೇವೆ. ಮೂರನೆಯದಕ್ಕೆ ಸ್ವಲ್ಪ ವಿರೋಧ ಬಂತು, ಆದರೂ ಉಳಿದಿದೆ: ಹೊಸ ಅಲರ್ಟ್ ಬರೆದವರ ಫೋನಿಗೇ ಮೊದಲ ಒಂದು ವಾರ ಅದು ಬರಬೇಕು, ಹುದ್ದೆ ಯಾವುದಾದರೂ ಸರಿ.

ಈ ಮೂರನೆಯ ಕಟ್ಟಳೆ ಅಂದು ಇದ್ದಿದ್ದರೆ ಶೇ 90ರ ಆ ನಿಯಮ ಎರಡು ರಾತ್ರಿಯೂ ಉಳಿಯುತ್ತಿರಲಿಲ್ಲ, ನಾನೇ ತೆಗೆಯುತ್ತಿದ್ದೆ. ನಿಮ್ಮಲ್ಲಿ ಯಾರಾದರೂ ಇಂಥ ನಿಯಮ ಬರೆದಿದ್ದರೆ, ಈ ವಾರ ರಾತ್ರಿಪಾಳಿಯ ಹುಡುಗರನ್ನು ಕೇಳಿ, ಅವರು ಯಾವ ಅಲರ್ಟ್‌ನ ಸದ್ದು ಅಡಗಿಸಿದ್ದಾರೆ ಎಂದು. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಕೇಳಿ. ಆ ಪಟ್ಟಿಯಿಂದಲೇ ದುರಸ್ತಿ ಆರಂಭಿಸಬಹುದು.